ನೀಲಿಯವಳು

ಸ್ವರ್ಗದಲ್ಲಿ ನನ್ನ ಪಾಲಿಗೆ ಬಂದದ್ದು ನೀಲಿ.

ಹಸಿರು ಡಾರ್ಕಸ್‌ಳದು, ಕೆಂಪು ಕುಂಟುವ ಹೆಟ್ಟಿಯದು,
ಹಳದಿ, ದುಬಾರಿ ಅಂತ, ಯಜಮಾನರ ತಂಗಿಯ ಕೈಯಲ್ಲೇ.
ಶಾಡ್‌ವೆಲ್ಲಿನ ಅಟ್ಟದಲ್ಲೊಂದು ಉದ್ದನೆ ಮೇಜು,
ಸುತ್ತ ಏಳು ಹುಡುಗಿಯರು, ಏಳು ಕುಂಚ, ಒಂದೇ ಕಿಟಕಿ.
ಹಾಳೆ ಎಡದಿಂದ ಬರುತ್ತದೆ, ಬಲಕ್ಕೆ ಹೋಗುತ್ತದೆ.
ನನ್ನ ಮುಂದೆ ನಿಲ್ಲುವುದು ಎಣಿಸಿ ಹತ್ತು ಉಸಿರು.
ಅಷ್ಟರಲ್ಲಿ ಹೊಳೆ ತುಂಬಬೇಕು, ಆಕಾಶ ತೊಯ್ಯಬೇಕು;
ನವಿಲಿನ ಕೊರಳು ಮರೆತರೆ ಬೆರಳ ಗೆಣ್ಣಿಗೆ ಕೋಲು.
ನೂರು ಹಾಳೆಗೆ ಮೂರು ಪೆನ್ನಿ.
ಹೀಗೆ ಒಂದು ಚಳಿಗಾಲವಿಡೀ
ನಾನು ಸ್ವರ್ಗಕ್ಕೆ ನೀರು ಹೊತ್ತೆ.

ಫೆಬ್ರವರಿಯಲ್ಲಿ ಕವಿ ಬಂದರು. ಲಿಡ್‌ಗೇಟ್ ಅಂತ ಹೆಸರು.
ಅಷ್ಟು ದೊಡ್ಡ ಕಾವ್ಯ ಬರೆದವರ ಬೂಟಿನಲ್ಲಿ ತೂತು,
ತೂತಿಗೆ ಕಾಗದ ತುರುಕಿದ್ದರು; ಅದರಲ್ಲೂ ಏನೋ ಬರೆದಿತ್ತು.
ಹಾಳೆ ಎತ್ತಿ ಕಿಟಕಿಗೆ ಹಿಡಿದು, ಇಳಿಸಿ,
'ಇದಲ್ಲ' ಅಂದರು. 'ನಾನು ಕಂಡ ಹೊಳೆ ಈ ಬಣ್ಣದ್ದಲ್ಲ.'

'ಎಲ್ಲಿ ಕಂಡಿರಿ?'
'ಕಣ್ಣು ಮುಚ್ಚಿದಾಗ.'
'ಮುಚ್ಚಿದ ಕಣ್ಣಿನ ನೀಲಿಗೆ ದರ ಬೇರೆ, ಸ್ವಾಮಿ'
ಅಂದರು ಯಜಮಾನರು. ಕುಂಚ ಕಚ್ಚಿ ನಗು ನುಂಗಿದೆವು.

ಅವರು ನಗಲಿಲ್ಲ. ನನ್ನ ಪಕ್ಕ ಮೊಣಕಾಲೂರಿ ಕೂತು
ಹೇಳುತ್ತಾ ಹೋದರು: ಬೆಳಗಿಗೆ ಮುಂಚಿನದು,
ಆದರೆ ಕತ್ತಲೆಯದಲ್ಲ; ತಣ್ಣಗಿರಬೇಕು, ಆದರೆ
ಒಳಗೆಲ್ಲೋ ಒಲೆ ಉರಿಯುತ್ತಿರಬೇಕು; ಹೆಸರು ಮರೆತ
ಒಬ್ಬಳ ದನಿಯ ಹಾಗೆ, ದನಿ ಮಾತ್ರ ಉಳಿದ ಹಾಗೆ...
ನನಗೆ ಅದೆಲ್ಲ ತಿಳಿಯಲಿಲ್ಲ. ಬಣ್ಣ ತಿಳಿಯುತ್ತಿತ್ತು.
ನೀರು ಸೇರಿಸಿದೆ. ಅಲ್ಲ.
ಹಸಿರಿನದೊಂದು ಹನಿ. ಅಲ್ಲ.
ಕೊನೆಗೆ ಒಲೆಗೂಡಿನ ಮಸಿಯನ್ನು ಉಗುರಲ್ಲಿ ಕೆರೆದು
ಬಟ್ಟಲಿಗೆ ಅದ್ದಿ ತಿರುವಿದೆ.

ಅದು ನಮ್ಮಮ್ಮ ಊರವರ ಬಟ್ಟೆಗೆ ನೀಲಿ ಹಾಕಿ
ಕಟ್ಟಕಡೆಗೆ ಚೆಲ್ಲುವ ನೀರಿನ ಬಣ್ಣ.
ಅಂಗಳದ ಕಲ್ಲಿನ ಮೇಲೆ ಒಂದು ಗಳಿಗೆ ನಿಂತು
ಆಮೇಲೆ ಥೇಮ್ಸಿಗೆ ಇಳಿಯುವುದು.

'ಇದೇ' ಅಂದರು. ಎರಡು ಸಲ. ಎರಡನೆಯದು ಕೇಳಿಸಲಿಲ್ಲ.
'ಮಗೂ ಕೆಜಾಯಾ, ನೀನೂ ಅಲ್ಲಿಗೆ ಹೋಗಿದ್ದೆಯಾ?'
'ದಿನಾ' ಅಂದೆ, ಬಕೆಟ್ಟು ನೆನೆದು.
ಮುಖ ಒರೆಸಿಕೊಂಡು, ಟೋಪಿ ಮರೆತು, ಇಳಿದು ಹೋದರು.
ಟೋಪಿಯಲ್ಲಿ ಅಟ್ಟದ ಬೆಕ್ಕು ಮರಿ ಹಾಕಿತು.

ಪುಸ್ತಕ ಓಡಲಿಲ್ಲ. ನಲವತ್ತೊಂದು ಹೋದವು ಅಂತ ಸುದ್ದಿ,
ಮಿಕ್ಕದ್ದು ತೂಕಕ್ಕೆ.
ಒಂದು ಶನಿವಾರ ಅಂಗಡಿಯ ಪ್ರೌಟ್ ಹಂದಿಕೊಬ್ಬು ಕಟ್ಟಿಕೊಟ್ಟ.
ಮನೆಗೆ ಬಂದು ಬಿಚ್ಚಿದರೆ, ಸ್ವರ್ಗ.

ಅವತ್ತೇ ಮೊದಲು ಅದನ್ನು ಇಡಿಯಾಗಿ ಕಂಡದ್ದು.
ಡಾರ್ಕಸ್‌ಳ ಹಸಿರು ಗೆರೆ ದಾಟಿ ಬಂಡೆಗೂ ಹತ್ತಿದೆ.
ಹೆಟ್ಟಿ ದಾಳಿಂಬೆ ಬಿಟ್ಟು ಜಿಂಕೆಯ ಕಿವಿಗೆ ಕೆಂಪಿಟ್ಟಿದ್ದಾಳೆ.
ಹಳದಿ ಎಲ್ಲೂ ಇಲ್ಲ; ಸೂರ್ಯ ಬರೀ ಕಾಗದ.
ಹೊಳೆ ನನ್ನದೇ. ಆದರೆ ಮಸಿಗೆ ಮುಂಚಿನದು, ಅವರು ಬೇಡವೆಂದದ್ದು.
ಆ ಒಂದು ಬಟ್ಟಲು ಎಷ್ಟು ಹಾಳೆಗೆ ಬಂತೋ,
ಯಾರ ಮನೆಯ ಬೆಣ್ಣೆ ಸುತ್ತಿತೋ.

ಹೆಬ್ಬಾಗಿಲಿನ ಮೇಲೆ ಅಂಗೈಯಗಲ ಜಿಡ್ಡು.
ತಮ್ಮ ಜೋಬ್ ಹಾಳೆಯನ್ನು ಮೋಂಬತ್ತಿಗೆ ಅಡ್ಡ ಹಿಡಿದ.
ಕೊಬ್ಬು ಹೀರಿದ ಜಾಗ ಬೆಳಗಿತು, ಬಾಗಿಲು ತೆರೆಯಿತು.
'ಇಲ್ಲಿ ಯಾರಿದ್ದಾರೆ?'
ಯಾರೂ ಇರಲಿಲ್ಲ. ಕವಿ ಯಾರನ್ನೂ ಇಟ್ಟಿರಲಿಲ್ಲ.
ಅವನು ಆ ಬದಿಯಿಂದ ಮೂಗು ತಾಗುವಷ್ಟು ಬಗ್ಗಿದ;
ಬಾಗಿಲಲ್ಲಿ ಒಂದು ನೆರಳು ಬಂದು ನಿಂತಿತು.

'ಸುಟ್ಟೀತು, ಈಚೆ ಬಾ' ಅಂದೆ.
'ತಡಿ' ಅಂದ. 'ಈಗ ತಾನೆ ಒಳಗೆ ಬಂದೆ.'